ಗಲ್ಲಾ ಪೆಟ್ಟಿಗೆಯಿಂದ ಕಪ್ಪು ಗೆರೆಗಳವರೆಗೆ

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನೊಬ್ಬ ಈಗ ದೊಡ್ಡ ಅಂಗಡಿಯೊಂದರ ಬಿಲ್ ಕೌಂಟರಿನಲ್ಲಿದ್ದಾನೆ. ಮೊನ್ನೆ ಸಿಕ್ಕಾಗ, "ಸರ್, ಗಿರಾಕಿಗಳೇ ಬಿಲ್ ಮಾಡಿಕೊಳ್ಳುವ ಮೆಷಿನ್ ಬರುತ್ತದಂತೆ. ಆಮೇಲೆ ನಮ್ಮ ಗತಿ?" ಎಂದು ಕೇಳಿದ. ಥಟ್ಟನೆ ಉತ್ತರ ಹೊಳೆಯಲಿಲ್ಲ. ಆದರೆ ಈ ಪ್ರಶ್ನೆಗೆ ನೂರು ವರ್ಷ ಮೀರಿದ ಇತಿಹಾಸವಿದೆ.

ಒಂದು ಕಾಲದಲ್ಲಿ ಅಮೆರಿಕದ ದಿನಸಿ ಅಂಗಡಿಯೂ ನಮ್ಮೂರ ಕಿರಾಣಿ ಅಂಗಡಿಯಂತೆಯೇ ಇತ್ತು. ಗಿರಾಕಿ ಕಟ್ಟೆಯ ಈಚೆ, ಗುಮಾಸ್ತ ಆಚೆ. ಕೇಳಿದ್ದನ್ನು ತೂಗಿ, ಪೊಟ್ಟಣ ಕಟ್ಟಿ, ಲೆಕ್ಕ ಬರೆಯುವುದು ಅವನ ಕೆಲಸ. 1916ರ ಸೆಪ್ಟೆಂಬರ್ 6ರಂದು ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬವರು 'ಪಿಗ್ಲಿ ವಿಗ್ಲಿ' ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದು, ಗಿರಾಕಿಯ ಕೈಗೇ ಬುಟ್ಟಿ ಕೊಟ್ಟರು. ಕಟ್ಟೆಯ ಹಿಂದಿನ ಗುಮಾಸ್ತ ಬೇಡವಾದ. ಆದರೆ ಪ್ರತಿ ಸಾಮಾನಿಗೂ ಬೆಲೆ ನಮೂದಿಸುವವರು, ಬಾಗಿಲ ಬಳಿ ಹಣ ಎಣಿಸುವವರು ಬೇಕಾದರು. ಸಾಂಡರ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ಆ ಕಂಪನಿ ಕೈತಪ್ಪಿದ ಮೇಲೆ 1937ರಲ್ಲಿ 'ಕೀಡೂಜಲ್' ಎಂಬ ಯಂತ್ರಚಾಲಿತ ಅಂಗಡಿಯನ್ನೇ ಕಟ್ಟಿದರು. ಯಂತ್ರಗಳು ಕೈಕೊಟ್ಟು ಅದು ಮುಚ್ಚಿಹೋಯಿತು!

ಇನ್ನು ನಿಮ್ಮ ಸೋಪಿನ ಪೊಟ್ಟಣವನ್ನು ತಿರುಗಿಸಿ ನೋಡಿ. ಆ ಕಪ್ಪು ಗೆರೆಗಳ ಮೂಲ ಕಲ್ಪನೆ ಜೋಸೆಫ್ ವುಡ್‌ಲ್ಯಾಂಡ್ ಅವರದು. ಸಮುದ್ರ ತೀರದ ಮರಳಿನಲ್ಲಿ ಬೆರಳಾಡಿಸುತ್ತಾ, ಮೋರ್ಸ್ ಸಂಕೇತದ ಚುಕ್ಕೆ-ಗೆರೆಗಳನ್ನು ಅವರು ಕೆಳಕ್ಕೆ ಎಳೆದರಂತೆ. ಬರ್ನಾರ್ಡ್ ಸಿಲ್ವರ್ ಜೊತೆ 1952ರಲ್ಲಿ ಪೇಟೆಂಟ್ ಸಿಕ್ಕಿತು. ಅಂಗಡಿಗೆ ಬರಲು ಮಾತ್ರ ಇನ್ನೂ 22 ವರ್ಷ ಹಿಡಿಯಿತು. 1974ರ ಜೂನ್ 26ರಂದು ಒಹಾಯೋದ ಟ್ರಾಯ್ ಪಟ್ಟಣದಲ್ಲಿ 67 ಸೆಂಟಿನ ಚ್ಯೂಯಿಂಗ್ ಗಮ್ ಪೊಟ್ಟಣವೊಂದು ಮೊದಲು ಸ್ಕ್ಯಾನ್ ಆಯಿತು.

ಇಲ್ಲಿ ಒಂದು ಸಂಗತಿ ಗಮನಿಸಿ. ಸ್ವಸೇವೆ ಹುಟ್ಟಿಸಿದ ಕೆಲಸವನ್ನೇ ಬಾರ್‌ಕೋಡ್ ಕಸಿಯಹೊರಟಿತು. ಯಂತ್ರವೇ ಬೆಲೆ ಓದುವಾಗ ಡಬ್ಬಿ ಡಬ್ಬಿಗೂ ಚೀಟಿ ಅಂಟಿಸುವುದೇಕೆ? ನೌಕರರ ಸಂಘಗಳು ಎಚ್ಚೆತ್ತವು. ಬೆಲೆ ಕಾಣದಿದ್ದರೆ ಮೋಸ ಹೋಗುತ್ತೇವೆಂದು ಗ್ರಾಹಕರ ಸಂಘಟನೆಗಳೂ ದನಿಗೂಡಿಸಿದವು. ಮಿಷಿಗನ್ ರಾಜ್ಯ 1976ರಲ್ಲಿ ಸಾಮಾನಿನ ಮೇಲೇ ಬೆಲೆ ನಮೂದಿಸಬೇಕೆಂದು ಕಾಯ್ದೆ ತಂದಿತು. ಅದು 2011ರಲ್ಲಿ ರದ್ದಾಯಿತು. ಅಷ್ಟಾದರೂ 35 ವರ್ಷ ಚೀಟಿ ಅಂಟಿಸುವ ಕೈಗಳಿಗೆ ಅಲ್ಲಿ ಕೆಲಸವಿತ್ತು. ನೌಕರರು ಒಂಟಿಯಾಗಿ ಕೂಗಿದ್ದರೆ ಇದು ಆಗುತ್ತಿರಲಿಲ್ಲವೆಂದೇ ನನ್ನ ಅನಿಸಿಕೆ.

ಗಿರಾಕಿಯೇ ಬಿಲ್ ಮಾಡುವ ಯಂತ್ರಗಳು 1980ರ ದಶಕದಲ್ಲಿ ಬಂದವು. ನಿಜ ಹೇಳಬೇಕೆಂದರೆ ಇಲ್ಲಿ ಕೆಲಸ ಮಾಯವಾಗಲಿಲ್ಲ, ಸಂಬಳವಿಲ್ಲದೆ ಗಿರಾಕಿಯ ಹೆಗಲಿಗೇರಿತು. ಒಬ್ಬ ನೌಕರ ಹಲವು ಯಂತ್ರಗಳನ್ನು ಕಾಯುತ್ತಾ, ತೂಕ ತಪ್ಪಾದಾಗ, ಕಳ್ಳತನದ ಅನುಮಾನ ಬಂದಾಗ ಓಡಾಡಬೇಕಾಯಿತು. ಇಂಗ್ಲೆಂಡಿನ ಬೂತ್ಸ್ ಅಂಗಡಿಗಳು 2023ರಲ್ಲಿ ತಮ್ಮ 28 ಮಳಿಗೆಗಳ ಪೈಕಿ ಎರಡನ್ನು ಬಿಟ್ಟು ಉಳಿದೆಡೆ ಇವನ್ನು ತೆಗೆಸಿ, ಮತ್ತೆ ಮನುಷ್ಯರನ್ನೇ ಕೂರಿಸುವುದಾಗಿ ಹೇಳಿದವು.

ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆ. ಅವನು ಬೂತ್ಸ್ ಬಗ್ಗೆ ಏನೂ ಕೇಳಲಿಲ್ಲ. "ಸರ್, ಆ ಚೀಟಿ ಅಂಟಿಸುತ್ತಿದ್ದವರು 2011ರ ನಂತರ ಏನಾದರು?" ಎಂದು ಕೇಳಿದ.