2,324 ಬೈಟುಗಳ ಬೀಗ

ಕೋಟದ ಮನೆಯೊಂದರ ಅಟ್ಟದಿಂದ ಇಳಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ಯಕ್ಷಗಾನದ ಕ್ಯಾಸೆಟ್ಟುಗಳೂ ಹನ್ನೊಂದು ವಿಸಿಡಿಗಳೂ ಇದ್ದವು. ವಿಸಿಡಿಗಳು ಟಿವಿಯಲ್ಲಿ ಓಡುತ್ತಿದ್ದವು. ನನ್ನ ಲಿನಕ್ಸ್ ಕಂಪ್ಯೂಟರಿಗೆ ಇಳಿಸಹೊರಟರೆ ಮಾತ್ರ ಓದಲಾಗದೆಂಬ ದೂರು. ಕುಂದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯರೊಬ್ಬರು ತಿರುಗಿಸಿ ನೋಡಿ, "ಹ್ವಾಯ್, ಇದ್ ಲಾಕ್ ಇತ್ತ್ ಮರ್ರೆ, ಕಾಪಿ ಆತಿಲ್ಲೆ" ಎಂದರು. ಬೀಗ ಮುರಿದರೆ ಜೈಲು ಎಂದೂ ಸೇರಿಸಿದರು. ಹೇಳಿಕೆ ಎರಡು, ಆಧಾರ ಒಂದಕ್ಕೂ ಇರಲಿಲ್ಲ.

ಮೊದಲು ಜೈಲಿನ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ 65ಎ ಕಲಮನ್ನು ಸೇರಿಸಿತು. ಎರಡು ವರ್ಷದವರೆಗೆ ಸೆರೆವಾಸ ಅಲ್ಲಿರುವುದು ನಿಜ. ಆದರೆ ಬೀಗ ತೆಗೆದದ್ದು ಹಕ್ಕು ಉಲ್ಲಂಘಿಸುವ ಉದ್ದೇಶದಿಂದಲೇ ಆಗಿರಬೇಕು. ಅಮೆರಿಕದ 1998ರ ಕಾಯ್ದೆ ಮೊದಲು ಬೀಗ ಮುರಿಯುವುದನ್ನೇ ನಿಷೇಧಿಸಿ, ಆಮೇಲೆ ವಿನಾಯಿತಿಗಳನ್ನು ಪೋಣಿಸುತ್ತದೆ. ನಮ್ಮದು ಉದ್ದೇಶದಿಂದಲೇ ಹೊರಡುತ್ತದೆ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆಗೆಯಲು ನೆರವಾದವರು, ನೆರವು ಪಡೆದವರ ಹೆಸರು-ವಿಳಾಸ ಬರೆದಿಡಬೇಕೆಂಬ ಷರತ್ತೂ ಇದೆ. ಗೆಳೆಯರ ಅಂಗಡಿಯಲ್ಲಿ ಅಂಥ ಪುಸ್ತಕವನ್ನು ಕಲ್ಪಿಸಿಕೊಂಡು ನಗು ಬಂತು. ಇಷ್ಟಾಗಿ, 'ಪರಿಣಾಮಕಾರಿ ತಾಂತ್ರಿಕ ಕ್ರಮ' ಎಂದರೇನೆಂದು ಕಾಯ್ದೆ ಎಲ್ಲಿಯೂ ವ್ಯಾಖ್ಯಾನಿಸಿಲ್ಲ.

ನಮ್ಮ ಕಡೆಯದೇ ತೀರ್ಪೊಂದು ದಾರಿ ತೋರಿಸೀತೆಂದು 2009ರ ಸುಪ್ರೀಂ ಕೋರ್ಟ್ ತೀರ್ಪನ್ನು ಬಿಡಿಸಿದೆ: ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಮತ್ತು ಮಾಲಿನಿ ಮಲ್ಯ ನಡುವಿನದು. ಕೋಟ ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಯಾರದೆಂಬ ವ್ಯಾಜ್ಯ. ಕಾರಂತರು ಮಲ್ಯರ ಪರವಾಗಿ ಬರೆದ ಉಯಿಲಿನಲ್ಲಿದ್ದದ್ದು 'ಸಾಹಿತ್ಯ ಕೃತಿ'ಗಳ ಮಾತು. ರಂಗದ ಮೇಲಿನದು 'ನಾಟಕ ಕೃತಿ' ಎಂದು ನ್ಯಾಯಾಲಯ ಬೇರ್ಪಡಿಸಿತು. ಉಳಿದ ಆಸ್ತಿಯ ಕಲಮಿನ ಮೂಲಕ ಅದೂ ಮಲ್ಯರಿಗೇ ಸೇರಿತು. ಆದರೆ 52ನೇ ಕಲಮಿನ ವಿನಾಯಿತಿಗಳು ಅಕಾಡೆಮಿಗೆ ಮುಚ್ಚಲಿಲ್ಲ. ರೋಚಕವಾದ ಓದು, ನನಗೆ ಮಾತ್ರ ಕುರುಡುದಾರಿ. ಅಲ್ಲಿನ ಪ್ರಶ್ನೆ ರಂಗದ್ದು, ನನ್ನದು ತಟ್ಟೆಯದು.

ಆಗ ಹೊಳೆದದ್ದು, ಮೊದಲ ಹೇಳಿಕೆಯನ್ನು ನಾನೂ ಪರೀಕ್ಷಿಸದೆ ನಂಬಿದ್ದೆ ಎಂಬುದು. ಡಿವಿಡಿಗೆ ಸಿಎಸ್‌ಎಸ್ ಎಂಬ ಬೀಗವಿತ್ತು. 1999ರಲ್ಲಿ ಅದನ್ನು ಬಿಡಿಸುವ ತಂತ್ರಾಂಶ ಹೊರಬಂದು, ನಾರ್ವೆಯ ಯುವಕನೊಬ್ಬ ಕಟಕಟೆ ಹತ್ತಿ, 2003ರಲ್ಲಿ ಎರಡೂ ನ್ಯಾಯಾಲಯಗಳಲ್ಲಿ ಖುಲಾಸೆಯಾದ. ವಿಸಿಡಿಗೆ? ಬೈಂದೂರಿನ ನೆಂಟರ ಮನೆಯಿಂದ ಒಂದು ಮದುವೆಯ ವಿಸಿಡಿ ತರಿಸಿದೆ. ಧಾರೆಯ ದೃಶ್ಯಕ್ಕೆ ಯಾರೂ ಬೀಗ ಹಾಕಿಸುವುದಿಲ್ಲ. ಹಾಕಿ ನೋಡಿದೆ. ಅದೇ ದೂರು, ಅಕ್ಷರಶಃ.

ಅಂದಮೇಲೆ ಕಾರಣ ಪ್ರಸಂಗ ಮಾರಿದವರಲ್ಲಿಲ್ಲ, ತಟ್ಟೆಯ ಜಾತಿಯಲ್ಲಿದೆ. ಸಾಮಾನ್ಯ ಸೀಡಿ ಪ್ರತಿ ತುಣುಕಿನಲ್ಲಿ 2,048 ಬೈಟು ಮಾಹಿತಿ ಇಟ್ಟು, ಮಿಕ್ಕದ್ದರಲ್ಲಿ ಬಹುಭಾಗವನ್ನು ತಪ್ಪು ತಿದ್ದಲು ಮೀಸಲಿಡುತ್ತದೆ. ವಿಸಿಡಿ ಆ ಮೀಸಲನ್ನೂ ಚಿತ್ರಕ್ಕೇ ಬಳಸಿ 2,324 ತುಂಬುತ್ತದೆ. 2,048ರ ಲೆಕ್ಕದಲ್ಲೇ ಓದುವ ನನ್ನ ಕಂಪ್ಯೂಟರ್ ಮುಗ್ಗರಿಸುತ್ತಿತ್ತು, ಅಷ್ಟೇ. ವಿಸಿಡಿ ಮಾದರಿಯಲ್ಲಿ ಬೀಗವೆಂಬುದೇ ಇಲ್ಲ. ಸರಿಯಾದ ಲೆಕ್ಕದಲ್ಲಿ ಓದುವ ತಂತ್ರಾಂಶ ಹಾಕಿದೆ, ಹತ್ತು ಬಂದವು. ಹನ್ನೊಂದನೆಯದು ನಡುವೆಯೇ ನಿಂತಿತು. ಅದರ ಮೇಲೆ ಗೀರಿದೆ ನಿಜ, ಗೀರೇ ಕಾರಣವೆನ್ನಲು ಪುರಾವೆ ಸಾಲದು.

ಸ್ವಂತ ಬಳಕೆಗೆ, ಸಂಶೋಧನೆಗೆ ಪ್ರತಿ ಮಾಡಲು 52(1)(ಎ) ಆಸರೆಯಾದೀತು. ಆದರೆ ಪೆಟ್ಟಿಗೆಯನ್ನು ಬ್ರಹ್ಮಾವರದ ಕಡೆಯ ಯಾವುದಾದರೂ ಗ್ರಂಥಾಲಯಕ್ಕೆ ಕೊಡಬೇಕೆಂಬುದು ಮನೆಯವರ ಆಸೆ. ಅದಕ್ಕೆ 52(1)(ಎನ್) ಓದಿದರೆ ಹೊಸ ತೊಡಕು: ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ರಕ್ಷಣೆಗಾಗಿ ಕೃತಿಯನ್ನು ಡಿಜಿಟಲ್ ಆಗಿ ಕೂಡಿಡಬಹುದು, ಅದರ ಬಳಿ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಇದ್ದರೆ. ಕ್ಯಾಸೆಟ್ಟಿಗೆ ಆ ಬಾಗಿಲು ತೆರೆದಿದೆ. ಹುಟ್ಟಿನಿಂದಲೇ ಡಿಜಿಟಲ್ ಆದ ವಿಸಿಡಿ, ಅಕ್ಷರ ಹಿಡಿದು ಓದಿದರೆ, ಹೊರಗೇ ಉಳಿಯುತ್ತದೆ.

ಸದ್ಯಕ್ಕೆ ಪೆಟ್ಟಿಗೆ ಎರಡಾಗಿದೆ. ಕ್ಯಾಸೆಟ್ಟಿನದಕ್ಕೆ ಗ್ರಂಥಾಲಯದ ಚೀಟಿ ಅಂಟಿಸಿದ್ದೇನೆ. ಇನ್ನೊಂದಕ್ಕೆ ಏನು ಬರೆಯಬೇಕೆಂದು ತೋಚಿಲ್ಲ.