ವಯಸ್ಕರಲ್ಲಿ ಆಟಿಸಂ ಶಂಕೆ

ಬಾಲ್ಯದಲ್ಲಿ ಯಾರ ಗಮನಕ್ಕೂ ಬಾರದೆ, ಬೆಳೆದ ಮೇಲೆ ‘ನನಗೆ ಸೌಮ್ಯ ಆಟಿಸಂ ಇರಬಹುದೇ?’ ಎಂದು ಮೂಡುವ ಅನುಮಾನ. ಆಟಿಸಂ ನಡುವಯಸ್ಸಿನಲ್ಲಿ ಅಂಟಿಕೊಳ್ಳುವ ಕಾಯಿಲೆಯಲ್ಲ, ಮಿದುಳಿನ ಬೆಳವಣಿಗೆಯಲ್ಲೇ ಇರುವ ಭಿನ್ನತೆ. ಆದರೆ ಲಕ್ಷಣ ಇರುವುದು ಬೇರೆ, ಕಾಣುವುದು ಬೇರೆ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಡಿಎಸ್‌ಎಂ-5 ಇದನ್ನು ಒಪ್ಪುತ್ತದೆ: ಸಾಮಾಜಿಕ ಬೇಡಿಕೆಗಳು ವ್ಯಕ್ತಿಯ ಶಕ್ತಿಯನ್ನು ಮೀರುವವರೆಗೆ ಲಕ್ಷಣಗಳು ಪೂರ್ತಿ ಹೊರಬೀಳದಿರಬಹುದು, ಕಲಿತ ರೂಢಿಗಳಡಿ ಮರೆಯಾಗಿಯೂ ಇರಬಹುದು.

ಮದುವೆ ಮನೆಯಲ್ಲಿ ‘ಊಟ ಆಯ್ತಾ?’ ಎಂಬ ಪ್ರಶ್ನೆಗೂ ಉತ್ತರವನ್ನು ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಂಡು, ಬ್ಯಾಂಡಿನ ಸದ್ದು ತಾಳಲಾರದೆ ಹಿತ್ತಲಿಗೆ ಹೋಗಿ ನಿಲ್ಲುವವರನ್ನು ಊರು ‘ಮೌನಿ’ ಎಂದು ಕರೆದು ಸುಮ್ಮನಾಗುತ್ತದೆ. ಕನ್ನಡ, ತೆಲುಗು, ಉರ್ದು ಕೂಡಿ ಬಾಳುವ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನಂಥ ಗಡಿ ಊರುಗಳಲ್ಲಿ ಮಗುವಿನ ಮಾತು ತಡವಾದರೆ ‘ಮೂರು ಭಾಷೆ ಕಿವಿಗೆ ಬಿದ್ದರೆ ಹೀಗೇ’ ಎಂದು ಬಿಟ್ಟುಬಿಡುವುದು ಸುಲಭ. ಹೀಗೆ ಬಾಲ್ಯದ ಸುಳಿವೊಂದು ತಪ್ಪಿಹೋಗಬಹುದು; ಬಹುಭಾಷೆಯಿಂದಂತೂ ಆಟಿಸಂ ಬರುವುದಿಲ್ಲ.

ಭಾರತದಲ್ಲಿ ‘ಸೌಮ್ಯ’ ಎಂಬುದಕ್ಕೊಂದು ಲೆಕ್ಕವಿದೆ. ಸಿಕಂದರಾಬಾದಿನ ಬೌದ್ಧಿಕ ಅಂಗವಿಕಲರ ರಾಷ್ಟ್ರೀಯ ಸಂಸ್ಥೆ (ಇಂದಿನ ಎನ್‌ಐಇಪಿಐಡಿ) ರೂಪಿಸಿದ, 2009ರಲ್ಲಿ ಬಿಡುಗಡೆಯಾದ, ಆಟಿಸಂ ಅಳೆಯುವ ಐಎಸ್‌ಎಎ ಮಾಪಕದ 40 ಅಂಶಗಳಲ್ಲಿ ಒಟ್ಟು 70ರಿಂದ 106 ಅಂಕ ಬಂದರೆ ಸೌಮ್ಯ. ಮರೆಮಾಚಲು ಕಲಿತ ದೊಡ್ಡವರನ್ನು ಅಂಕವೊಂದೇ ಹಿಡಿಯಲಾರದು. ಹೋಲುವ ಲಕ್ಷಣಗಳಿರುವ ಸಾಮಾಜಿಕ ಭಯ, ಗೀಳು, ಎಡಿಎಚ್‌ಡಿ, ಖಿನ್ನತೆಗಳನ್ನೂ ಪರಿಶೀಲಿಸಬೇಕು. ತಾಯಿ ಅಥವಾ ಅಕ್ಕನ ನೆನಪು ಇಲ್ಲಿ ದೊಡ್ಡ ಆಧಾರ: ಚಿಕ್ಕವನಿದ್ದಾಗ ಯಾರೊಡನೆ ಆಡುತ್ತಿದ್ದ, ಯಾವ ಬಟ್ಟೆ ತೊಡಲು ಅಳುತ್ತಿದ್ದ, ದಾರಿ ಬದಲಾದರೆ ಏನು ಮಾಡುತ್ತಿದ್ದ. ಈ ಮಾತುಕತೆ ಮನೆಮಾತಿನಲ್ಲೇ ನಡೆಯಬೇಕು. ಖಚಿತವಾದರೆ ಕಾನೂನಿನ ಆಸರೆಯೂ ಉಂಟು: ಆಟಿಸಂ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ವ್ಯಾಪ್ತಿಯಲ್ಲಿದೆ.