ಕೆಳಗಿನ ದೀಪ, ಮೇಲಿನ ಹಾವು

ಹಾವು, ಹಲ್ಲಿ, ಆಮೆಗಳನ್ನು ಗೂಡಿನಲ್ಲಿಟ್ಟು ಸಾಕುವ ವಿದ್ಯೆ ಬೆಳೆದದ್ದು ಚಳಿ ದೇಶಗಳಲ್ಲಿ. ಬಿಸಿಲ ನಾಡಿನಿಂದ ಹಡಗೇರಿ ಬಂದ ಪ್ರಾಣಿ ಅಲ್ಲಿ ಚಳಿಗೇ ಸಾಯುತ್ತಿತ್ತು. ಹಾಗಾಗಿ ಒಂದೂವರೆ ಶತಮಾನದ ಜಾಣ್ಮೆಯೆಲ್ಲ ಗೂಡಿನೊಳಕ್ಕೆ ಬಿಸಿ ತರುವುದಕ್ಕೇ ಮೀಸಲಾಯಿತು. ಒಳಗೆ ಬಂದ ಬಿಸಿ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಆ ಪ್ರಶ್ನೆ ಬಲವಾಗಿ ಎದ್ದದ್ದು ಗೂಡಿನ ಮೇಲೆ ಗೂಡು ಪೇರಿಸಲು ಶುರುವಾದ ಮೇಲೆ. ಇಂದಿಗೂ ಸಾಕಣೆಯ ಪುಸ್ತಕಗಳಲ್ಲಿ ಬಿಸಿ ಕೊಡುವುದಕ್ಕೆ ಅಧ್ಯಾಯಗಳೇ ಇರುತ್ತವೆ, ಬಿಸಿ ತೆಗೆಯುವುದಕ್ಕೆ ಒಂದೆರಡು ಸಾಲು. ಈ ಕ್ಷೇತ್ರದ ದೊಡ್ಡ ಕೊರತೆ ಇದೇ ಎಂದು ನನ್ನ ಖಚಿತ ಅಭಿಪ್ರಾಯ.

ಲಂಡನ್ ಮೃಗಾಲಯ 1849ರಲ್ಲಿ ಜಗತ್ತಿನ ಮೊದಲ ಸರೀಸೃಪಾಲಯ ತೆರೆಯಿತು. ಆ ಕಾಲದವರಿಗೆ ಗೂಡನ್ನು ಬಿಸಿ ಮಾಡುವುದೆಂದರೆ ಇಡೀ ಗೂಡನ್ನು ಒಂದೇ ಸಮನೆ ಬೆಚ್ಚಗಿಡುವುದು. ಬಿಸಿನೀರಿನ ಕೊಳವೆಯೋ, ತಳದಲ್ಲಿ ನೀರಿನ ತೊಟ್ಟಿ ಇಟ್ಟು ಅದರ ಕೆಳಗೆ ಉರಿಸುವ ದೀಪವೋ ಸಾಕಾಗಿತ್ತು. ಈ ಕಲ್ಪನೆಯನ್ನು ಮುರಿದವರು ಜೋನ್ ಪ್ರಾಕ್ಟರ್. 1927ರಲ್ಲಿ ಅದೇ ಮೃಗಾಲಯದಲ್ಲಿ ತೆರೆದ ಹೊಸ ಸರೀಸೃಪಾಲಯವನ್ನು ರೂಪಿಸುವಾಗ ಅವರು ಒಂದೇ ಗೂಡಿನೊಳಗೆ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಬಿಸಿ ಸಿಗುವಂತೆ ವಿದ್ಯುತ್ ಶಾಖ ಅಳವಡಿಸಿದರು. ನೇರಳಾತೀತ ಕಿರಣ ಒಳಬರಲೆಂದು ವೀಟಾ ಗಾಜು ಹಾಕಿಸಿದರು. ಜೀವಮಾನವಿಡೀ ಕಾಯಿಲೆಯೊಡನೆ ಹೆಣಗಿ 1931ರಲ್ಲಿ, ಇನ್ನೂ 34ರ ವಯಸ್ಸಿನಲ್ಲಿ ತೀರಿಕೊಂಡ ಈ ಹೆಣ್ಣುಮಗಳ ಹೆಸರು ಇಂದಿನ ಸಾಕಣೆದಾರರಿಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕಿತ್ತು.

ಪ್ರಾಕ್ಟರ್ ಅನುಭವದಿಂದ ಕಂಡುಕೊಂಡದ್ದಕ್ಕೆ ವಿಜ್ಞಾನದ ಬುನಾದಿ ಸಿಕ್ಕಿದ್ದು 1944ರಲ್ಲಿ. ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಕ್ಯಾಲಿಫೋರ್ನಿಯಾದ ಮರುಭೂಮಿಯ ಹಲ್ಲಿ, ಹಾವುಗಳ ಮೈಬಿಸಿ ಅಳೆದು ಪ್ರಕಟಿಸಿದ ಅಧ್ಯಯನ, ಶೀತರಕ್ತ ಪ್ರಾಣಿಗಳು ಸುತ್ತಲಿನ ಗಾಳಿಯ ಬಿಸಿಯನ್ನು ಸುಮ್ಮನೆ ಒಪ್ಪಿಕೊಂಡು ಬಿದ್ದಿರುತ್ತವೆ ಎಂಬ ನಂಬಿಕೆಯನ್ನು ಅಲುಗಾಡಿಸಿತು. ಬಿಸಿಲು ಕಾಯುತ್ತ, ನೆರಳಿಗೆ ಸರಿಯುತ್ತ, ಮರಳಲ್ಲಿ ಹುದುಗುತ್ತ ಅವು ತಮ್ಮ ಮೈಬಿಸಿಯನ್ನು ಕಿರಿದಾದ ಒಂದು ಮಿತಿಯೊಳಗೆ ಕಾಪಾಡಿಕೊಳ್ಳುತ್ತವೆ. ಆ ಮಿತಿಯ ಮೇಲಂಚು ದಾಟಿ ಕೆಲವೇ ಡಿಗ್ರಿ ಏರಿದರೆ ಕಾಲಿಗೆ ಹಿಡಿತ ತಪ್ಪುತ್ತದೆ, ಇನ್ನೊಂದಿಷ್ಟು ಏರಿದರೆ ಜೀವ ಹೋಗುತ್ತದೆ. ಚಳಿ ನಿಧಾನವಾಗಿ ಕೊಲ್ಲುತ್ತದೆ, ಕಾವು ಬೇಗ ಕೊಲ್ಲುತ್ತದೆ. ಗೂಡಿನ ತಂಪಿನ ಮೂಲೆ ಬಿಸಿಲಿನ ಮೂಲೆಗಿಂತ ಒಂದು ಕೈ ಹೆಚ್ಚೇ ಮುಖ್ಯ ಎಂಬ ತೀರ್ಮಾನ ಆ ಅಧ್ಯಯನದಲ್ಲೇ ಅಡಗಿತ್ತು. ಸಾಕಣೆಯವರು ಅದರಿಂದ ಬಿಸಿಲಿನ ಮೂಲೆಯನ್ನಷ್ಟೇ ಬೇಗ ಕಲಿತರು.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ, ಯುರೋಪುಗಳಲ್ಲಿ ಬಾಲ್ ಪೈಥಾನ್, ಕಾರ್ನ್ ಸ್ನೇಕ್, ಲೆಪರ್ಡ್ ಗೆಕ್ಕೊಗಳನ್ನು ಗೂಡಿನಲ್ಲೇ ಮರಿ ಮಾಡಿಸುವುದು ದೊಡ್ಡ ಉದ್ಯಮವಾಯಿತು. ನೂರಾರು ಪ್ರಾಣಿಗಳಿಗೆ ಜಾಗ ಸಾಲದು. ಬ್ರಿಟನ್ನಿನಲ್ಲಿ ಮುಂಗಡೆ ಗಾಜು ಸರಿಯುವ ಮರದ ಪೆಟ್ಟಿಗೆಗಳು ಒಂದರ ಮೇಲೊಂದು ಕೂತವು. ಅಮೆರಿಕದಲ್ಲಿ ಪ್ಲಾಸ್ಟಿಕ್ ಡಬ್ಬಿಗಳು ಮೇಜಿನ ಡ್ರಾಯರುಗಳಂತೆ ಒಳಗೆ ಹೊರಗೆ ಸರಿಯುವ ರ್ಯಾಕ್ ಬಂತು. ರ್ಯಾಕಿನ ಹಿಂಬದಿಯಲ್ಲೋ ತಳದಲ್ಲೋ ಹೀಟ್ ಟೇಪ್ ಹಾಯುತ್ತದೆ, ಎಲ್ಲ ಅಂತಸ್ತಿಗೂ ಒಂದೇ ಥರ್ಮೋಸ್ಟಾಟ್, ಅದಕ್ಕೆ ಬಿಸಿ ಅಳೆದು ತಿಳಿಸುವ ಒಂದೇ ಪ್ರೋಬ್. ಪ್ರೋಬ್ ನಡು ಅಂತಸ್ತಿನಲ್ಲಿದ್ದರೆ ಅಲ್ಲಿ ಎಲ್ಲ ಸರಿ. ಮೇಲಿನ ಡಬ್ಬಿಗಳು ಕಾದಿರುತ್ತವೆ, ಕೆಳಗಿನವು ತಣ್ಣಗಿರುತ್ತವೆ. ಲೆಪರ್ಡ್ ಗೆಕ್ಕೊದ ಮೊಟ್ಟೆ ಸುಮಾರು 26 ಡಿಗ್ರಿಯಲ್ಲಿ ಕಾವು ಪಡೆದರೆ ಹೆಣ್ಣು, 32ರ ಆಸುಪಾಸಿನಲ್ಲಿ ಹೆಚ್ಚಾಗಿ ಗಂಡು ಎಂಬುದನ್ನು ನೆನೆದರೆ, ಅಂತಸ್ತು ಅಂತಸ್ತಿಗೂ ಬೀಳುವ ನಾಲ್ಕೈದು ಡಿಗ್ರಿಯ ಅಂತರ ಸಣ್ಣ ಮಾತಲ್ಲ.

ಬಿಸಿ ಮೇಲೇರುತ್ತದೆ ಎಂದಷ್ಟೇ ಹೇಳಿ ಮುಗಿಸುವುದು ರೂಢಿ. ನಡೆಯುವುದು ಅದಕ್ಕಿಂತ ಹೆಚ್ಚು. ಕೆಳಗಿನ ಗೂಡಿನ 75 ವಾಟಿನ ಹ್ಯಾಲೊಜನ್ ದೀಪ ಹೀರುವ ವಿದ್ಯುತ್ತು, ಬೆಳಕಾಗಿ ಹೊರಟದ್ದೂ ಸೇರಿ, ಬಹುಪಾಲು ಆ ಪೆಟ್ಟಿಗೆಯೊಳಗೇ ಶಾಖವಾಗುತ್ತದೆ. ದೀಪ ನೇತಾಡುವ ಚಾವಣಿಯೇ ಅತಿ ಹೆಚ್ಚು ಕಾಯುವ ಜಾಗ. ಅದು ಮೇಲಿನ ಗೂಡಿನ ನೆಲವೂ ಹೌದು. ಅಲ್ಲಿ ಗಾಜಿದ್ದರೆ ಶಾಖ ಸಲೀಸಾಗಿ ದಾಟುತ್ತದೆ. ಅಷ್ಟೇ ದಪ್ಪದ ಪ್ಲೈವುಡ್ ಗಾಜಿಗಿಂತ ಏಳೆಂಟು ಪಟ್ಟು, ಥರ್ಮೋಕೋಲ್ ಸುಮಾರು ಮೂವತ್ತು ಪಟ್ಟು ಕಡಿಮೆ ಶಾಖ ಬಿಡುತ್ತದೆ. ಹಾಗಾದರೆ ನಡುವೆ ಗಾಳಿಯ ಪದರ ಬಿಟ್ಟರಾಯಿತಲ್ಲ, ನಿಂತ ಗಾಳಿ ಥರ್ಮೋಕೋಲಿಗಿಂತಲೂ ಒಳ್ಳೆಯ ತಡೆ ಎಂದು ಹಲವರು ಎರಡು ಪೆಟ್ಟಿಗೆಗಳ ನಡುವೆ ಸುತ್ತಲೂ ಪಟ್ಟಿ ಹೊಡೆದು ಮುಚ್ಚಿದ ಸಂದು ಬಿಡುತ್ತಾರೆ. ಇಲ್ಲೇ ಎಡವಟ್ಟು.

ತೆಳುವಾದ ದ್ರವದ ಪದರವನ್ನು ಕೆಳಗಿನಿಂದ ಕಾಯಿಸಿದರೆ ಅದು ಅಚ್ಚುಕಟ್ಟಾದ ಸುಳಿಗಳಾಗಿ ಹೊರಳತೊಡಗುವುದನ್ನು ಫ್ರಾನ್ಸಿನ ಆನ್ರಿ ಬೆನಾರ್ 1900ರಲ್ಲಿ ತೋರಿಸಿದ. ಇಂಥ ಹೊರಳಾಟಕ್ಕೆ ಗಣಿತ ಕಟ್ಟಿದ್ದು 1916ರಲ್ಲಿ ಲಾರ್ಡ್ ರ್ಯಾಲೆ. ಅದೇ ಲೆಕ್ಕವನ್ನು ನಮ್ಮ ಸಂದಿಗೆ ಹಚ್ಚಿದರೆ, ಸಂದಿನ ತಳಕ್ಕೂ ಮೇಲ್ಬದಿಗೂ 10 ಡಿಗ್ರಿ ಅಂತರವಿದ್ದಾಗ ಗಾಳಿ ನಿಶ್ಚಲವಾಗಿ ನಿಲ್ಲುವುದು ಸುಮಾರು 1.2 ಸೆಂಟಿಮೀಟರ್ ದಪ್ಪದವರೆಗೆ ಮಾತ್ರ. ಅದಕ್ಕಿಂತ ದಪ್ಪವಾದರೆ ಗಾಳಿ ಸುತ್ತತೊಡಗಿ ತಾನೇ ಶಾಖ ಹೊತ್ತು ಮೇಲಕ್ಕೆ ಸಾಗಿಸುತ್ತದೆ. ಐದು ಸೆಂಟಿಮೀಟರಿನ ಮುಚ್ಚಿದ ಸಂದು ಕೊಡುವ ರಕ್ಷಣೆ ಅದನ್ನು ಬಿಟ್ಟವರು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಅದೇ ಸಂದನ್ನು ಮುಂದೆ, ಹಿಂದೆ ತೆರೆದಿಟ್ಟರೆ ಮಾತೇ ಬೇರೆ: ಕೋಣೆಯ ತಂಪು ಗಾಳಿ ಒಂದು ಕಡೆ ಒಳಬಂದು ಬಿಸಿಯಾಗಿ ಇನ್ನೊಂದು ಕಡೆ ಹೊರಹೋಗುತ್ತದೆ, ಶಾಖವನ್ನು ಅಲ್ಲಿಂದ ಹೊತ್ತೊಯ್ಯುತ್ತದೆ.

ತಡೆ ಹಾಕುವುದಕ್ಕೂ ಶಾಖ ತೆಗೆಯುವುದಕ್ಕೂ ಇರುವ ಈ ವ್ಯತ್ಯಾಸವೇ ಇಡೀ ವಿಷಯದ ಜೀವಾಳ. ಥರ್ಮೋಕೋಲ್ ಹಾಸಿದರೆ ಮೇಲಿನ ಹಾವು ಉಳಿಯುತ್ತದೆ, ಕೆಳಗಿನ ಗೂಡು ಇನ್ನಷ್ಟು ಕಾಯುತ್ತದೆ. ಆಗ ಕೆಳಗೆ ಸಣ್ಣ ದೀಪ ಹಾಕಬಹುದು, ಆದರೆ ದೀಪ ಚಿಕ್ಕದಾದಂತೆ ಅದರಡಿ ಬಿಸಿಲು ಬೀಳುವ ಜಾಗವೂ ಕಿರಿದಾಗುತ್ತದೆ. ದೊಡ್ಡ ಬಿಯರ್ಡೆಡ್ ಡ್ರ್ಯಾಗನ್ ಹಲ್ಲಿಗೆ ತಲೆ ಕಾದು ಬಾಲ ತಣ್ಣಗಿರುತ್ತದೆ. ಕೆಳಗಿನ ಗೂಡಿನ ಹಿಂಗೋಡೆಯ ಮೇಲ್ಭಾಗದಲ್ಲಿ ಬಿಸಿ ಹೊರಹೋಗಲು ಜಾಲರಿ ತೆರೆಯದೆ ಈ ಗಂಟು ಬಿಡಿಸಲಾಗದು.

ಥರ್ಮೋಸ್ಟಾಟ್ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬ ಭರವಸೆ ಬಹಳ ಕಾಲ ಆಳಿತು. ವಿಸ್ಕಾನ್ಸಿನ್ನಿನ ವಾರೆನ್ ಜಾನ್ಸನ್ 1883ರಲ್ಲಿ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದದ್ದು ಮನುಷ್ಯರ ಕೋಣೆಗಳಿಗಾಗಿ. ಗೂಡುಗಳಿಗೆ ಮೊದಲು ಬಂದದ್ದು ಟಕ್ ಎಂದು ಹೊತ್ತಿಸಿ ಆರಿಸುವ ಬಗೆ, ಆಮೇಲೆ ಹೀಟ್ ಮ್ಯಾಟಿಗೆ ವಿದ್ಯುತ್ತನ್ನು ತುಣುಕು ತುಣುಕಾಗಿ ಬಿಡುವ ಪಲ್ಸ್ ಬಗೆ, ದೀಪವನ್ನು ಮೆಲ್ಲಗೆ ಮಂಕಾಗಿಸುವ ಡಿಮ್ಮಿಂಗ್ ಬಗೆ. ಇವೆಲ್ಲ ಒಳ್ಳೆಯ ಸಾಧನಗಳೇ. ಆದರೆ ಯಾವ ಥರ್ಮೋಸ್ಟಾಟಿಗೂ ತನ್ನ ಹೀಟರನ್ನು ಆರಿಸುವುದಷ್ಟೇ ಗೊತ್ತು, ನೆರೆಮನೆಯ ಶಾಖವನ್ನು ಹೊರದಬ್ಬಲು ಬಾರದು. ಮೇಲಿನ ಗೂಡಿನಲ್ಲಿ ನಡೆಯುವುದು ಇದು: ಕೆಳಗಿನ ದೀಪದಿಂದ ನೆಲ ಕಾದು ಪ್ರೋಬ್ ಗುರಿ ಮುಟ್ಟುತ್ತದೆ, ಮೇಲಿನ ದೀಪ ಆರುತ್ತದೆ. ಪರದೆಯ ಮೇಲಿನ ಅಂಕಿ ಸರಿಯಾಗಿದೆ. ಪ್ರಾಣಿಗೆ ಮಾತ್ರ ಬೆನ್ನಿಗೆ ಬಿಸಿಲಿಲ್ಲ, ಹೊಟ್ಟೆಗೆ ತಂಪಿಲ್ಲ, ಸರಿದು ಹೋಗಲು ಬೇರೆ ಮೂಲೆಯಿಲ್ಲ. ಅಂಕಿ ನೋಡಿ ಸಮಾಧಾನಪಟ್ಟುಕೊಳ್ಳುವ ಈ ಅಭ್ಯಾಸದ ಬಗ್ಗೆ ನನಗೆ ನಿಜವಾದ ಆತಂಕವಿದೆ.

ಈ ಕುರುಡುತನವನ್ನು ಸ್ವಲ್ಪ ಕಳೆದದ್ದು ಅಳತೆಯ ಉಪಕರಣಗಳು. ಗಾಜಿಗೆ ಅಂಟಿಸುವ ಪಟ್ಟಿಯ ಜಾಗಕ್ಕೆ ಡಿಜಿಟಲ್ ಪ್ರೋಬ್ ಬಂತು, ಬಳಿಕ ಮುಟ್ಟದೆ ಮೇಲ್ಮೈ ಬಿಸಿ ಓದುವ ಇನ್ಫ್ರಾರೆಡ್ ಗನ್. 2014ರಲ್ಲಿ ಫ್ಲಿರ್ ಕಂಪನಿ ಫೋನಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾ ತಂದ ಮೇಲೆ, ಮೇಲಿನ ಗೂಡಿನ ನೆಲದಲ್ಲಿ ಕೆಳಗಿನ ದೀಪದ ಗುರುತು ದುಂಡಗೆ ಹೊಳೆಯುವುದನ್ನು ಹವ್ಯಾಸಿಗಳೂ ಕಣ್ಣಾರೆ ನೋಡುವಂತಾಯಿತು. ದೀಪಗಳೂ ಬದಲಾದವು. ಯುರೋಪಿನ ಒಕ್ಕೂಟ 2009ರಿಂದ ಹಳೆಯ ಬಲ್ಬುಗಳನ್ನು ಹಂತಹಂತವಾಗಿ ಮಾರುಕಟ್ಟೆಯಿಂದ ತೆಗೆಯಿತು. ಬೆಳಕಿಗೆ ಎಲ್ಇಡಿ, ನೇರಳಾತೀತಕ್ಕೆ ಟಿ5 ಟ್ಯೂಬ್, ಬಿಸಿಗೆ ಪ್ರತ್ಯೇಕ ಸಾಧನ ಎಂಬ ವಿಂಗಡಣೆ ಬೆಳೆಯಿತು. 2016ರಲ್ಲಿ ಫ್ರಾನ್ಸಿಸ್ ಬೇನ್ಸ್ ಮತ್ತು ಸಂಗಡಿಗರು ಯಾವ ಪ್ರಾಣಿಗೆ ಎಷ್ಟು ನೇರಳಾತೀತ ಬೇಕೆಂಬ ಪಟ್ಟಿ ಪ್ರಕಟಿಸಿದಾಗ ಈ ವಿಂಗಡಣೆಗೆ ಇನ್ನಷ್ಟು ಬಲ ಬಂತು. ಹಗಲೆಲ್ಲ ಉರಿಯುವ ಬೆಳಕು ಎಲ್ಇಡಿಗೆ ಹೋದರೆ ಪೇರಿಸಿದ ಗೂಡುಗಳ ಒಟ್ಟು ಹೊರೆ ಗಣನೀಯವಾಗಿ ಇಳಿಯುತ್ತದೆ. ಟ್ಯೂಬಿನ ಚೋಕನ್ನು ಎರಡು ಗೂಡುಗಳ ಸಂದಿನಲ್ಲಿ ತುರುಕದೆ ಹೊರಗಿಟ್ಟರೆ ಇನ್ನೂ ಒಂದಿಷ್ಟು.

ಪ್ರಾಣಿಗಳನ್ನು ಸ್ವಭಾವಕ್ಕೆ ತಕ್ಕ ಅಂತಸ್ತಿನಲ್ಲಿಡುವುದು ಹಳೆಯ, ಈಗಲೂ ಒಪ್ಪಬೇಕಾದ ಉಪಾಯ. ನ್ಯೂ ಕ್ಯಾಲೆಡೋನಿಯಾದಲ್ಲಿ 1994ರಲ್ಲಿ ಮತ್ತೆ ಪತ್ತೆಯಾದ ಕ್ರೆಸ್ಟೆಡ್ ಗೆಕ್ಕೊ 28 ಡಿಗ್ರಿ ದಾಟಿದರೆ ಬಳಲತೊಡಗುತ್ತದೆ. ಅದರ ಜಾಗ ನೆಲದ ಹತ್ತಿರ. ಮರುಭೂಮಿಯ ಪ್ರಾಣಿ ಮೇಲಿರಬಹುದು, ಅದಕ್ಕೂ ತಂಪಿನ ಮೂಲೆ ಮತ್ತು ರಾತ್ರಿಯ ತಂಪು ಸಿಗುವುದಾದರೆ ಮಾತ್ರ.

ನಮ್ಮಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ಹೆಬ್ಬಾವು, ನಾಗರ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನಿನಂಥ ವಿದೇಶಿ ಪ್ರಾಣಿಗಳನ್ನು 2024ರ ನಿಯಮದಂತೆ ನೋಂದಾಯಿಸಬೇಕು. ಅಂಥ ಪ್ರಾಣಿ ಇಟ್ಟುಕೊಂಡವರು ಓದುವುದೆಲ್ಲ ಇಂಗ್ಲೆಂಡಿನ ಚಳಿಗೆ ಬರೆದ ಸಲಹೆ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಬಿಸಿ 40 ದಾಟುತ್ತದೆ. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ರಾತ್ರಿ ಕೋಣೆಯೊಳಕ್ಕೆ ಶಾಖ ಸುರಿಯುತ್ತದೆ. ಮೇಲಂತಸ್ತಿನ ಗೂಡಿಗೆ ಆಗ ಕೆಳಗಿನ ದೀಪ, ಮೇಲಿನ ತಾರಸಿ ಎರಡರ ಕಾವೂ ಬೀಳುತ್ತದೆ. ಆ ದಿನಗಳಲ್ಲಿ ಹೀಟರುಗಳನ್ನು ಕಳಚಿಡಬೇಕು, ನೇರಳಾತೀತ ದೀಪವನ್ನು ಬೆಳಗಿನ ತಂಪಿಗೆ ಸರಿಸಬೇಕು, ಚಾವಣಿಯಡಿ ಕಟ್ಟಿಕೊಂಡ ಬಿಸಿಗಾಳಿಯನ್ನು ಫ್ಯಾನಿನಿಂದ ಕಿಟಕಿಯಾಚೆ ಕಳಿಸಬೇಕು. ಅಷ್ಟಾದರೂ ರಾತ್ರಿ ಹತ್ತಕ್ಕೆ ಮೇಲಿನ ಗೂಡಿನ ನೆಲ 32ರ ಕೆಳಗಿಳಿಯದಿದ್ದರೆ ಪ್ರಾಣಿಯನ್ನು ಕೆಳಗಿಳಿಸಿ, ಮಳೆ ಹಿಡಿಯುವವರೆಗೆ ಆ ಅಂತಸ್ತನ್ನು ಖಾಲಿ ಬಿಡುವುದೇ ಸರಿ.